ಬಾವಿಯ ಡೀಸೆಲ್ ಕದ್ದವರು

ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ರೇಷ್ಮೆಹುಳು ಸೊಪ್ಪು ತಿನ್ನುವುದನ್ನು ನೀವು ಕೇಳಿದ್ದೀರಾ? ಹುಳು ಮನೆಯೊಳಗೆ ಮಳೆ ಬಂದ ಹಾಗೆ ಸದ್ದಾಗುತ್ತದೆ. ಎಪ್ಪತ್ತಾರರ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಆ ಸದ್ದು ಬರಲಿಲ್ಲ. ನಲವತ್ತು ತಟ್ಟೆ ಹುಳು. ಬೆಳಿಗ್ಗೆ ಕೊಯ್ದ ಹಿಪ್ಪುನೇರಳೆ ಸೊಪ್ಪು ಹಾಕಿದೆ. ಹುಳುಗಳು ತಲೆ ಎತ್ತಿದವು, ಅತ್ತ ತಿರುಗಿಸಿದವು, ಸುಮ್ಮನೆ ಕೂತವು. ನಾನೂ ಒಂದೆಲೆ ಮೂಸಿದೆ. ಲಾರಿಯ ಕೆಳಗೆ ಮಲಗಿ ರಿಪೇರಿ ಮಾಡುವವನ ಅಂಗಿಯ ವಾಸನೆ! ಮೂರೇ ದಿನಕ್ಕೆ ಹುಳುಗಳೆಲ್ಲ ಕಪ್ಪಾಗಿ ಸತ್ತವು. ನಮ್ಮ ಯಜಮಾನರು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದರು. ನಾನು ಗೊಳೋ ಎಂದು ಅತ್ತುಬಿಟ್ಟೆ.

ನನ್ನ ಹೆಸರು ಭಾರತಮ್ಮ. ಮಾಲೂರಿನ ಪಕ್ಕದ ಕುಂಟೆಹಳ್ಳಿ ನಮ್ಮದು. ಏಳನೇ ಕ್ಲಾಸು ಓದಿದ್ದೇನೆ, ಹಾಗಾಗಿ ಊರಿನ ಅರ್ಜಿಗಳನ್ನೆಲ್ಲ ಬರೆಯುವವಳು ನಾನೇ. ಊರಿಗೆ ಇರುವುದು ಒಂದೇ ಬಾವಿ. ಕುಡಿಯುವುದಕ್ಕೂ ಅದೇ, ತೋಟಕ್ಕೂ ಅದೇ. ಬಾವಿಯ ಮೇಲಿನ ದಿಬ್ಬದಲ್ಲಿ, ರೈಲು ಹಳಿಯ ಪಕ್ಕ, ಎಣ್ಣೆ ಕಂಪನಿಯ ಡಿಪೋ. ಅಲ್ಲಿ ಬೆಳ್ಳಗೆ ಹೊಳೆಯುವ ಮೂರು ಡೀಸೆಲ್ ಟ್ಯಾಂಕುಗಳು. ಆ ಶ್ರಾವಣದಿಂದ ನಮ್ಮ ಬಿಂದಿಗೆಯ ನೀರಿನ ಮೇಲೆ ಕಾಮನಬಿಲ್ಲು ತೇಲತೊಡಗಿತು. ಕುಡಿದ ಮಕ್ಕಳು ವಾಂತಿ ಮಾಡಿಕೊಂಡವು.

ಡಿಪೋಗೆ ಹೋಗಿ ಕೇಳಿದೆವು. ಮ್ಯಾನೇಜರು ಕುರ್ಚಿಯಿಂದ ಏಳಲೇ ಇಲ್ಲ.

"ನಿಮ್ಮ ಪಂಪ್‌ಸೆಟ್ಟಿಂದ ಸೋರಿರ್ಬೇಕು ಕಣ್ರೀ, ಹೋಗಿ ನೋಡ್ಕೊಳ್ಳಿ."

"ನಮ್ಮದು ಕರೆಂಟ್ ಪಂಪು ಸ್ವಾಮಿ. ಅದು ಡೀಸೆಲ್ ಕುಡಿಯಲ್ಲ" ಎಂದೆ.

"ಹಾಗಾದ್ರೆ ಇನ್ನೆಲ್ಲಿಂದಲೋ ಬಂದಿರ್ತದೆ. ನಮ್ಮದಂತೂ ಅಲ್ಲ."

ನಾನು ಅರ್ಜಿ ಬರೆದೆ. ಆರು ತಿಂಗಳಾದ ಮೇಲೆ ನೀರು ಪರೀಕ್ಷೆಯ ಸಾಹೇಬರು ಬಂದರು. ಬಂದವರು ಮೊದಲು ಡಿಪೋದಲ್ಲಿ ಊಟ ಮುಗಿಸಿದರು. ಆಮೇಲೆ ಬಾಟಲಿಗೆ ಒಂದು ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ಬಾವಿಯ ತಳದವರೆಗೂ ಇಳಿಸಿ, ಅಲ್ಲಿ ಬಿರಡೆ ಕಿತ್ತು ನೀರು ತುಂಬಿಸಿದರು. ಎಣ್ಣೆ ತೇಲುವುದು ಮೇಲೆ! ನಮ್ಮತ್ತೆ ದೊಡ್ಡಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು.

"ಏಮಯ್ಯಾ, ಸಾರಲ್ಲಿ ಒಗ್ಗರಣೆ ಇದ್ಯಾ ಅಂತ ಮಡಕೆ ತಳ ಕೆರೆದು ನೋಡ್ತೀಯಾ?"

ಸಾಹೇಬರಿಗೆ ಕಿವಿ ಕೇಳಿಸಲಿಲ್ಲ. ನೀರು ಶುದ್ಧವಾಗಿದೆ ಎಂದು ಬರೆದುಕೊಟ್ಟು ಜೀಪು ಹತ್ತಿದರು.

ಕೊನೆಗೆ ಕೋಲಾರದ ಕೋರ್ಟಿಗೆ ಹೋದೆವು. ಮುಳಬಾಗಿಲಿನ ರಾಘವೇಂದ್ರರಾಯರು ನಮ್ಮ ವಕೀಲರು. ಆಗಷ್ಟೇ ಕರಿಕೋಟು ಹಾಕಿಕೊಂಡಿದ್ದ ಹುಡುಗು ಮುಖದವರು, ಫೀಸು ಎಂದು ಬಾಯಿ ಬಿಟ್ಟವರಲ್ಲ. ಕಂಪನಿಯವರು ಬೆಂಗಳೂರಿನಿಂದ ಕಾರಿನಲ್ಲಿ ವಕೀಲರನ್ನು ಕರೆಸಿದರು. ಅವರ ಉತ್ತರ ಎರಡೇ ಸಾಲು. ಬಾವಿಯಲ್ಲಿ ಎಣ್ಣೆ ಇಲ್ಲ. ಇದ್ದರೂ ಅದು ನಮ್ಮದಲ್ಲ. ಈ ಎರಡು ಸಾಲಿಗೆ ಮೂರು ವರ್ಷ ವಾಯಿದೆ ಬಿತ್ತು! ಆ ಮೂರು ವರ್ಷವೂ ಇಟ್ಟಿಗೆ ಗೂಡಿನ ಬೋರ್‌ವೆಲ್ಲಿಗೆ ಎರಡು ಮೈಲಿ ನಡೆದು, ಗೂಡಿನ ಮೇಸ್ತ್ರಿಯ ಬೈಗುಳ ತಿಂದು, ನೀರು ಹೊತ್ತೆವು.

ಎಂಬತ್ತರಲ್ಲಿ ನಮ್ಮತ್ತೆಯ ತಾಳ್ಮೆ ಕೆಟ್ಟಿತು. "ಬಾವೀನ ನಾನೇ ತೊಳೀತೀನಿ ಕಣೇ" ಎಂದರು. ಹಳೇ ಕಂಬಳಿಯೊಂದನ್ನು ಹಗ್ಗಕ್ಕೆ ಕಟ್ಟಿ ಬಾವಿಯ ನೀರಿನ ಮೇಲೆ ಹಾಸಿದರು. ಉಣ್ಣೆ ಎಣ್ಣೆಯನ್ನು ಹೀರುತ್ತದಂತೆ, ಗಾಣದ ಮನೆಯಲ್ಲಿ ಹುಟ್ಟಿದವರಿಗೆ ಅದು ಗೊತ್ತು. ಎಳೆದು ಬಕೆಟ್ಟಿಗೆ ಹಿಂಡಿದರು. ಮತ್ತೆ ಹಾಸಿದರು, ಮತ್ತೆ ಹಿಂಡಿದರು. ಸಾಯಂಕಾಲಕ್ಕೆ ಎರಡು ಬಕೆಟ್ಟು ತುಂಬಿತು. ಅದರಲ್ಲಿ ಬತ್ತಿ ಅದ್ದಿ ಕಡ್ಡಿ ಗೀರಿದರೆ ಭಗ್ಗೆಂದು ಉರಿಯಿತು.

ಊರೆಲ್ಲ ಹೋ ಎಂದಿತು. ಆ ವರ್ಷ ನಿಮಗೆ ನೆನಪಿರಬೇಕು, ಡೀಸೆಲ್ ಎಂದರೆ ದೇವರ ತೀರ್ಥ. ಬಂಕುಗಳ ಮುಂದೆ ಟ್ರ್ಯಾಕ್ಟರುಗಳು ದಿನಗಟ್ಟಲೆ ನಿಲ್ಲುತ್ತಿದ್ದವು. ನಮ್ಮ ಸುದ್ದಿ ಮುಟ್ಟಿದ್ದೇ ತಡ, ವಕ್ಕಲೇರಿಯಿಂದ ಟ್ರ್ಯಾಕ್ಟರು ಬಂತು, ಶ್ರೀನಿವಾಸಪುರದಿಂದ ಮಾವಿನ ಲಾರಿ ಬಂತು. ನಮ್ಮತ್ತೆ ಬಾವಿಕಟ್ಟೆಯ ಮೇಲೆ ಮಹಾರಾಣಿಯಂತೆ ಕೂತು ವ್ಯಾಪಾರ ಮಾಡಿದರು.

"ದುಡ್ಡು ಗಿಡ್ಡು ಬೇಡಪ್ಪಾ. ಒಂದು ಡಬ್ಬ ಎಣ್ಣೆಗೆ ಒಂದು ಡ್ರಮ್ಮು ಕುಡಿಯೋ ನೀರು. ತಂದ್ಯಾ? ತಂದಿಲ್ವಾ? ಹೋಗ್ಲಾ, ತಗೊಂಡು ಬಾ!"

ಮೈಮೇಲೆ ಬಂದ ಹಾಗೆ ಆಗಿತ್ತು ನಮಗೆಲ್ಲ. ಮನೆಗೊಂದು ಕಂಬಳಿ ಬಾವಿಗೆ ಇಳಿಯಿತು. ನಗುತ್ತಾ ಹಿಂಡಿದೆವು, ಹಾಡುತ್ತಾ ಹಿಂಡಿದೆವು. ಗೂಡಿನ ಮೇಸ್ತ್ರಿಯೇ ಲಾರಿಯಲ್ಲಿ ನೀರು ಹೇರಿಕೊಂಡು ಬಂದು "ಅಮ್ಮಾ, ನಮಗೂ ಸ್ವಲ್ಪ" ಎಂದು ಹಲ್ಲು ಗಿಂಜಿದ. ಅವತ್ತು ನಾನು ಬಿದ್ದೂ ಬಿದ್ದೂ ನಕ್ಕೆ.

ಡಿಪೋ ಮ್ಯಾನೇಜರಿಗೆ ಅತ್ತ ಬೇರೆಯೇ ಸಂಕಟ. ಮೂರನೇ ಟ್ಯಾಂಕಿನಲ್ಲಿ ಮಾಲು ಕಡಿಮೆ ಬರುತ್ತಿದೆಯೆಂದು ಮೇಲಿನವರು ಅವನ ಕುತ್ತಿಗೆಯ ಮೇಲೆ ಕೂತಿದ್ದರು. ಟ್ಯಾಂಕು ಸೋರುತ್ತಿದೆ ಎಂದರೆ ಅವನ ಕೆಲಸ ಹೋಗುತ್ತದೆ. ಕಳ್ಳರು ಕದ್ದರು ಎಂದರೆ ಉಳಿಯುತ್ತದೆ. ಬುದ್ಧಿವಂತ, ಪೊಲೀಸಿಗೆ ದೂರು ಬರೆದ.

ಹೆಡ್ ಕಾನ್‌ಸ್ಟೇಬಲ್ ಕದಿರಪ್ಪ ಬಂದು ನಮ್ಮತ್ತೆಯನ್ನೂ, ಸಾಕ್ಷಿಗೆಂದು ತೊಟ್ಟಿಕ್ಕುವ ಕಂಬಳಿಯನ್ನೂ ಮಾಲೂರು ಸ್ಟೇಷನ್ನಿಗೆ ಕರೆದೊಯ್ದ. ಊರೆಲ್ಲ ಹಿಂದೆಯೇ ನಡೆಯಿತು. ಸುದ್ದಿ ಕೇಳಿ ಕೋಲಾರದಿಂದ ರಾಯರೂ ಬಸ್ಸು ಹಿಡಿದು ಓಡಿ ಬಂದರು. ದೂರಿನ ಕಾಗದ ಕೈಗೆ ತೆಗೆದುಕೊಂಡು ಓದಿದರು. ಇನ್ನೊಂದು ಸಲ ಓದಿದರು. ಅವರಿಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದು ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಏನಾಯ್ತು ರಾಯರೇ?" ಎಂದೆ ಗಾಬರಿಯಿಂದ.

"ಭಾರತಮ್ಮಾ, ನೀವೇ ಓದಿ. ಗಟ್ಟಿಯಾಗಿ ಓದಿ."

ಓದಿದೆ. 'ಕುಂಟೆಹಳ್ಳಿಯ ಬಾವಿಯಲ್ಲಿರುವ ಡೀಸೆಲ್ ನಮ್ಮ ಮೂರನೇ ಟ್ಯಾಂಕಿನಿಂದಲೇ ಬಂದದ್ದು ಎಂದು ಪರೀಕ್ಷೆಯಿಂದ ದೃಢಪಟ್ಟಿದೆ. ಸದರಿ ಮಾಲು ಕಂಪನಿಯ ಸ್ವತ್ತಾಗಿರುತ್ತದೆ.' ಕೆಳಗೆ ಮ್ಯಾನೇಜರ ಸಹಿ, ಕಂಪನಿಯ ಮೊಹರು, ಜೊತೆಗೆ ಪರೀಕ್ಷೆಯ ವರದಿ!

"ಮೂರು ವರ್ಷದಿಂದ ನಾನು ತಲೆ ಚಚ್ಚಿಕೊಂಡ್ರೂ ಸಿಗದ ಸಾಕ್ಷಿ ಇದು. ಕೇಸು ದಾಖಲಾಗಿ ನಂಬರ್ ಬಿದ್ದರೆ ಸಾಕು, ಬಾವೀಲಿರೋದು ನಮ್ಮದಲ್ಲ ಅಂತ ಅವರು ಇನ್ನು ಹೇಳೋ ಹಾಗಿಲ್ಲ" ಎಂದರು ರಾಯರು.

ಅಷ್ಟರಲ್ಲಿ ಮ್ಯಾನೇಜರ ಜೀಪು ಧೂಳೆಬ್ಬಿಸಿಕೊಂಡು ಬಂತು. ಬೆಂಗಳೂರಿನ ವಕೀಲರು ಫೋನಿನಲ್ಲಿ ಉಗಿದಿರಬೇಕು, ಮುಖ ಬಿಳಿಚಿಹೋಗಿತ್ತು.

"ಕದಿರಪ್ಪನೋರೇ, ದೂರು ವಾಪಸ್ ತಗೋತೀನಿ. ಪಾಪ, ಮುದುಕಿ. ಬಿಟ್ಟುಬಿಡಿ."

ಕದಿರಪ್ಪ ಪೆನ್ನು ಕೆಳಗಿಟ್ಟ. "ನಂಬರ್ ಇನ್ನೂ ಹಾಕಿಲ್ಲ. ಏಳಮ್ಮಾ, ನಡಿ ಮನೆಗೆ."

ನಮ್ಮತ್ತೆ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಾನ್ಯಾಕಪ್ಪಾ ಹೋಗ್ಲಿ? ಕದ್ದಿದೀನಿ, ಬರ್ಕೋ."

"ಅಜ್ಜೀ, ಒಪ್ಪಿಕೊಂಡರೆ ಜೈಲಾಗಬಹುದು" ಎಂದು ರಾಯರು ಕಿವಿಯಲ್ಲಿ ಹೇಳಿದರು.

"ಆಗ್ಲಿ ಬಿಡಪ್ಪಾ. ನಮ್ಮ ಬಾವಿ ವಾಪಸ್ ಬರ್ತದಾ ಇಲ್ವಾ, ಅಷ್ಟು ಹೇಳು."

"ನಾನೂ ಕದ್ದಿದೀನಿ" ಎಂದು ಮುಂದೆ ನಿಂತೆ. ನಮ್ಮ ಯಜಮಾನರು "ಕಂಬಳಿ ಎಳೆದವನು ನಾನು" ಎಂದರು. ಆಮೇಲೆ ಕೇಳಬೇಕೆ! ಬಾಗಿಲಿನಿಂದ, ಕಿಟಕಿಯಿಂದ, ಬೀದಿಯಿಂದ ನಾನು ಕಳ್ಳ, ನಾನು ಕಳ್ಳಿ ಎಂಬ ಕೂಗು. ಮೊದಲು ನಂದು ಬರ್ಕೊಳ್ಳಿ ಎಂದು ಒಬ್ಬರನ್ನೊಬ್ಬರು ತಳ್ಳಾಡಿದರು. ಕಂಬಳಿ ಹಿಂಡುವಾಗ ಕುರಿ ಮೇಯಿಸಲು ಹೋಗಿದ್ದ ಪೆದ್ದಪ್ಪ, ತಾನು ಏನೂ ಕದಿಯಲಿಲ್ಲವಲ್ಲ ಎಂದು ಮುಖ ಸಣ್ಣಗೆ ಮಾಡಿಕೊಂಡ.

ಕದಿರಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನೂ ನೀರಿಗಾಗಿ ಬಿಂದಿಗೆ ಹೊತ್ತ ತಾಯಿಯ ಮಗನೇ. ಮೆಲ್ಲಗೆ ಮ್ಯಾನೇಜರ ಕಡೆ ತಿರುಗಿದ.

"ಸ್ವಾಮೀ, ಇಷ್ಟು ಜನ ಒಪ್ಕೊಂಡಿದಾರೆ. ಕಳ್ತನ ಆಗಿಲ್ಲ ಅಂತ ನೀವಂದ್ರೆ ಸುಳ್ಳು ದೂರಾಗ್ತದೆ. ಆಗ ನಿಮ್ಮನ್ನೇ ಒಳಗೆ ಹಾಕ್ಬೇಕು. ಈಗ ಹೇಳಿ, ಬಾವೀಲಿರೋ ಎಣ್ಣೆ ಯಾರ್ದು?"

ಮ್ಯಾನೇಜರು ನಮ್ಮ ಮುಖ ನೋಡಿದ. ಲಾಕಪ್ಪಿನ ಸರಳು ನೋಡಿದ.

"ಕಂಪನೀದು" ಎಂದ.

ಕದಿರಪ್ಪ ಬರೆದುಕೊಂಡು ನಂಬರ್ ಹಾಕಿದ. ಒಟ್ಟು ಅರವತ್ತೆರಡು ಆರೋಪಿಗಳು. ಸ್ಟೇಷನ್ನು ಕಿತ್ತುಹೋಗುವ ಹಾಗೆ ಶಿಳ್ಳೆ, ಚಪ್ಪಾಳೆ. ಲಾಕಪ್ಪಿನಲ್ಲಿ ಹನ್ನೆರಡು ಜನಕ್ಕೂ ಜಾಗವಿಲ್ಲದೆ ಉಳಿದವರನ್ನು ಅಂಗಳದಲ್ಲೇ ಕೂರಿಸಿದರು. ನಮ್ಮತ್ತೆಗೆ ಬಾಯಾರಿತ್ತು. ಕದಿರಪ್ಪ ನಲ್ಲಿಯಿಂದ ಒಂದು ಚೆಂಬು ನೀರು ಹಿಡಿದು ತಂದುಕೊಟ್ಟ. ಅವರು ಮೊದಲು ಮೂಸಿ ನೋಡಿದರು. ಆಮೇಲೆ ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಖಾಲಿ ಚೆಂಬನ್ನು ಮತ್ತೆ ಅವನ ಮುಂದೆ ಚಾಚಿದರು.

"ಕಳ್ಳರಿಗೆ ಇಷ್ಟು ಒಳ್ಳೇ ನೀರು ಕೊಡ್ತೀರಾ? ಮೂರು ವರ್ಷದ ಹಿಂದೇನೇ ಹೇಳಿದ್ರೆ, ಅವತ್ತೇ ಕದೀತಿದ್ನಲ್ಲಪ್ಪಾ!"