ಗೂಡಿನ ಕೆಳಗಿನ ಬಾಗಿಲು

ಕೋಲಿನ ತುದಿಗೆ ಸುತ್ತಿದ ಚಿಂದಿಗೆ ಭಾಮೈದ ಸೀಮೆಎಣ್ಣೆ ಸುರಿಯುತ್ತಿದ್ದಾಗ ದರ್ಜಿ ಬಂದು ಕೋಲನ್ನೇ ಕಿತ್ತುಕೊಂಡ.

“ಕೊಡಿಲ್ಲಿ. ನನ್ನ ಹೆಂಡತೀನ ತಿಂದ ಹುಳ. ನಾನೇ ಸುಡ್ತೀನಿ.”

“ಹುಷಾರು ಭಾವ, ಒಳಗೆ ಜನ ಇದಾರೆ.”

“ಇರಲಿ ಬಿಡು. ಅವಳು ಬದುಕಿದ್ದಾಗ ಈ ಬಾಗಿಲಿಗೆ ಹೆದರಿ ಒಬ್ರೂ ತಲೆ ಹಾಕ್ಲಿಲ್ಲ. ಈಗ ಬಂದ್ಬಿಟ್ರು.”

ಕಡಜದ ಗೂಡು ಮುಂಬಾಗಿಲ ಮೇಲೆಯೇ ಇತ್ತು. ತಾನು ಕೆಲಸ ಮಾಡುತ್ತಿದ್ದ ವಿಷ ಸಂಶೋಧನೆಯ ಲ್ಯಾಬಿಗೆ ಬೇಕಾದ ಕಡಜಗಳನ್ನು ಅವಳು ಇಲ್ಲಿಂದಲೇ ಹಿಡಿದೊಯ್ಯುತ್ತಿದ್ದಳು. ಗೂಡಿಗೆ ತಾಗಬಾರದೆಂದು ಮನೆಯವರೆಲ್ಲ ತಲೆ ತಗ್ಗಿಸಿಯೇ ಹೊಸ್ತಿಲು ದಾಟಬೇಕು. ಅದು ಅವಳ ಕಟ್ಟಪ್ಪಣೆ. ಮೊನ್ನೆ ಹಗ್ಗದ ಮೇಲಿನ ಟವೆಲ್ ತೆಗೆಯುವಾಗ ಅದರ ಮಡಿಕೆಯಲ್ಲಿದ್ದ ಕಡಜವೊಂದು ಅವಳ ಕುತ್ತಿಗೆಗೆ ಕುಟುಕಿತು. ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಲ್ಯಾಬಿನವರ ಬಾಯಲ್ಲಿ ಕಡಜದಕ್ಕ ಆಗಿದ್ದವಳು ಕಡಜದಿಂದಲೇ ಹೋದಳಲ್ಲ ಎಂದು ಬಂದವರು ಗುಸುಗುಸು ಮಾತಾಡುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ದರ್ಜಿಗೆ ಮೈ ಉರಿಯುತ್ತಿತ್ತು.

*

ಹೋದ ವರ್ಷ ಒಮ್ಮೆ ಅವಳು ಅವನ ಹೊಲಿಗೆ ಮೆಷಿನ್ನಿನಿಂದ ಒಂದು ತುಂಡು ದಾರ ಕತ್ತರಿಸಿ ನೀರಿನ ಲೋಟಕ್ಕೆ ಹಾಕಿದ್ದಳು.

“ನೋಡಿ, ವಿಷದಲ್ಲಿರೋ ಪೆಪ್ಟೈಡ್ ಅಂದ್ರೆ ಇಷ್ಟೇ. ಹದಿನಾಲ್ಕು ಮಣಿಯ ಪುಟ್ಟ ಸರ. ನೀರಲ್ಲಿ ಆಕಾರಾನೇ ಇಲ್ಲ, ಸೋಮಾರಿ ಥರ ಬಿದ್ಕೊಂಡಿರುತ್ತೆ. ಜೀವಕೋಶದ ಜಿಡ್ಡಿನ ಗೋಡೆ ತಾಗ್ಲಿ, ಆಗ ನೋಡಿ ಇದರ ಅವತಾರ.” ದಾರವನ್ನು ಎತ್ತಿ ಸೂಜಿಗೆ ಬಿಗಿಯಾಗಿ ಸುತ್ತಿದಳು. “ಹೀಗೆ ಸುರುಳಿ ಆಗುತ್ತೆ. ಇಂಥವು ಹತ್ತಾರು ಸೇರಿದ್ರೆ ಗೋಡೆ ತೂತು.”

“ಯಾರ ಗೋಡೆ?”

“ರೋಗಾಣುದೂ ಹೌದು, ನಮ್ಮ ರಕ್ತಕಣದ್ದೂ ಹೌದು. ಅದೇ ತಲೆನೋವು. ಯಾವುದೋ ಒಂದು ಮಣಿ ಬದಲಾಯಿಸಿದ್ರೆ ನಮ್ಮದನ್ನ ಬಿಟ್ಟು ಬರೀ ರೋಗಾಣುನ ಕೊಲ್ಲುತ್ತೆ. ಆ ಮಣಿ ಹುಡುಕ್ತಾ ಇದೀವಿ.”

ಹೇಳುವಾಗ ಅವಳ ಕಣ್ಣು ಹೊಳೆಯುತ್ತಿದ್ದವು. ಆದರೆ ಹಿಂದಿನ ದಿನದ ಕುಟುಕಿಗೆ ಊದಿದ ರೆಪ್ಪೆ ಇನ್ನೂ ಇಳಿದಿರಲಿಲ್ಲ. ದರ್ಜಿಗೆ ಕಂಡದ್ದು ಅದೊಂದೇ.

“ಡಾಕ್ಟರು ಏನಂದ್ರು?”

“ಏನಿಲ್ಲ, ಬರೀ ಊತ ಅಂದ್ರು.”

“ಇನ್ನೊಂದು ಸಲ ಹೀಗೆ ಊದ್ಕೊಂಡು ಬಾ, ಗೂಡೂ ಸುಡ್ತೀನಿ, ನಿನ್ನ ಕೆಲಸಾನೂ ಬಿಡಿಸ್ತೀನಿ.”

ಅವಳು ಸೂಜಿಯಿಂದ ದಾರ ಬಿಚ್ಚಿದಳು. ಆಮೇಲೆ ಎಂದೂ ಅವನೆದುರು ಊತದ ಮಾತೆತ್ತಲಿಲ್ಲ.

*

ದರ್ಜಿ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆಯುವಾಗ ಗೇಟಿನ ಬಳಿ ಹೆಂಡತಿಯ ಲ್ಯಾಬಿನ ಗೆಳತಿ ಬಂದಳು. ಕೈಚೀಲದಿಂದ ಪೆನ್ನಿನಂಥದ್ದೊಂದನ್ನು ತೆಗೆದು ಚಾಚಿದಳು.

“ಅಕ್ಕನ ಡ್ರಾಯರಲ್ಲಿತ್ತು. ಕುಟುಕಿದ ತಕ್ಷಣ ಚುಚ್ಕೊಳ್ಳೋ ಇಂಜೆಕ್ಷನ್. ಕಡಜದ ವಿಷ ಮೈಗೆ ಒಗ್ಗಲ್ಲ, ಇದು ಸದಾ ಜೊತೆಗಿರಲಿ ಅಂತ ಡಾಕ್ಟರು ಹೋದ ವರ್ಷಾನೇ ಬರ್ಕೊಟ್ಟಿದ್ರು.”

“ಜೊತೆಗಿರಬೇಕಾದ್ದು ಲ್ಯಾಬಲ್ಲಿ ಯಾಕಿತ್ತು?” ದರ್ಜಿ ಗುಡುಗಿದ. “ಏನು ಕತ್ತೆ ಕಾಯ್ತಿದ್ರಾ ನೀವೆಲ್ಲ? ಇಷ್ಟು ಗೊತ್ತಿದ್ದೂ ಅವಳನ್ನ ಕೆಲಸಕ್ಕೆ ಯಾಕೆ ಬಿಟ್ಕೊಂಡ್ರಿ?”

“ಮನೆಯವರು ಒಪ್ಪಿದಾರೆ ಅಂತ ಅಕ್ಕಾನೇ ಅಂದ್ರು. ನಾವು ನಂಬಿದ್ವಿ.” ಗೆಳತಿ ಇಂಜೆಕ್ಷನ್ ಎತ್ತಿ ತೋರಿಸಿದಳು. “ಇದನ್ನ ಮನೆಗೆ ತಗೊಂಡು ಹೋಗಿ ಅಂತ ನಾನು ಎಷ್ಟು ಸಲ ಹೇಳಿದೆ ಗೊತ್ತಾ? ನಮ್ಮನೆಯವರ ಕಣ್ಣಿಗೆ ಬಿದ್ರೆ ಕೆಲಸ ಬಿಡಿಸ್ತಾರೆ ಕಣೆ ಅಂತಿದ್ರು.”

ದರ್ಜಿ ಇಂಜೆಕ್ಷನ್ನಿನತ್ತ ಕೈ ಚಾಚಲಿಲ್ಲ. ಸುಳ್ಳಿ, ಮಹಾಸುಳ್ಳಿ ಎಂದು ಹೆಂಡತಿಯನ್ನು ಮನಸ್ಸಿನಲ್ಲೇ ಬೈದ. ಬೈದಷ್ಟೂ ಸಿಟ್ಟು ತಿರುಗಿ ತನ್ನ ಮೇಲೆಯೇ ಬಂತು.

ಭಾಮೈದ ಅವಸರಪಡಿಸಿದ. “ಭಾವ, ಈಗ್ಲೇ ಹಚ್ಚಿ. ಶವಪೆಟ್ಟಿಗೆ ಎತ್ತೋ ಹೊತ್ತಾಯ್ತು.”

“ಸುಡಬೇಕಾದ್ದು ಗೂಡಲ್ಲ ಕಣೋ, ನನ್ನ ಬಾಯಿ!” ದರ್ಜಿ ಕೋಲನ್ನು ಅಂಗಳದಾಚೆ ಎಸೆದ.

ಒಳಗಿನಿಂದ ಪೆಟ್ಟಿಗೆ ಬಂತು. ಹೊತ್ತವರು ಎತ್ತರದ ಆಳುಗಳು, ಈ ಮನೆಗೆ ಹೊಸಬರು. ಹೆಗಲ ಮೇಲಿನ ಪೆಟ್ಟಿಗೆಯ ಅಂಚು ನೇರ ಗೂಡಿನ ಮಟ್ಟಕ್ಕೇ ಇತ್ತು.

“ತಗ್ಗಿಸ್ರೋ!” ದರ್ಜಿ ಗಂಟಲು ಹರಿಯುವಂತೆ ಕಿರುಚಿದ. “ಕಣ್ಣು ಕಾಣಲ್ವಾ? ಕೆಳಗಿಳಿಸಿ! ತಲೆ ತಗ್ಗಿಸಿ!”

ಬೆಚ್ಚಿಬಿದ್ದ ಅವರು ಪೆಟ್ಟಿಗೆಯನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ, ಬೆನ್ನು ಬಾಗಿಸಿ, ಒಬ್ಬೊಬ್ಬರಾಗಿ ಹೊಸ್ತಿಲು ದಾಟಿದರು. ಹಿಂದಿದ್ದವರೂ ತಲೆ ತಗ್ಗಿಸಿದರು. ಗೂಡಿನಿಂದ ಒಂದು ಕಡಜ ಇಳಿದು ಮುಚ್ಚಳದ ಮೇಲೆ ಅಷ್ಟುದೂರ ನಡೆದು, ಹಾರಿ ಮತ್ತೆ ಗೂಡು ಸೇರಿತು. ಅಂಗಳದಲ್ಲಿ ನಿಂತಿದ್ದ ದರ್ಜಿಯ ತಲೆಯೂ ಬಾಗಿತ್ತು. ಮುಷ್ಟಿಯೊಳಗೆ ಬೆಂಕಿಪೆಟ್ಟಿಗೆ ನುಜ್ಜುಗುಜ್ಜಾಗಿತ್ತು.