ದುರ್ಗಾಳ ತೋಳಿನ ದೇವಿ

ಆಟೋ ತುಂಬ ಬೇವಿನ ವಾಸನೆ, ಮಗಳ ಕೂದಲಲ್ಲಿ ಇನ್ನೂ ಎರಡು ಎಲೆ ಸಿಕ್ಕಿವೆ, ತೆಗೆಯೋಣವೆಂದರೆ ಸುಮಲತಾಳ ಒಂದು ಕೈ ಹುಡುಗಿಯ ತೋಳಿನ ಮೇಲಿನ ಬಟ್ಟೆ ಒತ್ತಿ ಹಿಡಿದಿದೆ, ಇನ್ನೊಂದರಲ್ಲಿ ಫೋನು, ಯಲ್ಲೇಶನದೇ, ಹೊಡಕೊಳ್ಳಲಿ, ಗಂಡನಿಗೆ ಈಗ ನೆನಪಾಯಿತು ಹೆಂಡತಿ ಇದ್ದಾಳೆಂದು — ಬಟ್ಟೆ ಮತ್ತೆ ಕೆಂಪಾಗುತ್ತಿದೆ, ಗೋಕುಲ ರಸ್ತೆಯ ಒಂದೊಂದು ಉಬ್ಬಿಗೂ ಇಷ್ಟಿಷ್ಟು, ಮೆಲ್ಲಗ ಹೋಗ್ರಿ ಕಾಕಾ, ಆದ್ರ ಲಗೂ ಹೋಗ್ರಿ, ಎರಡೂ ಹೆಂಗವ್ವಾ ಅನ್ನುತ್ತಾನೆ ಆಟೋದವನು, ನಗುವುದಿಲ್ಲ — ಎರಡು ತಿಂಗಳ ಹಿಂದೆ ಕಾಯಿಸಿದ ಹಾಲು ಕೂಸಿನ ತೋಳಿನ ಮೇಲೆ ಚೆಲ್ಲಿದ್ದು ಅತ್ತೆ ಗುಡ್ಡವ್ವನ ಕೈಯಿಂದ, ಯಾರೂ ಬೈಯಲಿಲ್ಲ, ಬೈಯದ್ದಕ್ಕೇ ಗುಡ್ಡವ್ವ ಸೊರಗಿದಳು, ರೊಟ್ಟಿ ಮುರಿದು ಹಾಗೇ ಇಡುವಳು, ಮೊಮ್ಮಗಳಿದ್ದ ಕೋಣೆಗೆ ಕಾಲಿಡಳು, ಆಮೇಲೆ ಗಾಯ ಮಾಗುತ್ತ ಬಂದು ಅದರ ಮೇಲೆ ಗಂಟು ಎದ್ದವು, ಕೆಂಪಗೆ, ಬಾರಿಹಣ್ಣಿನಷ್ಟು, ಹಸಿ ಮಾಂಸದ ಹೊಳಪು, ಸುಟ್ಟ ಮ್ಯಾಲೆ ಸಣ್ಣ ಹುಡುಗರಿಗೆ ಅಪರೂಪಕ್ಕ ಹಿಂಗಾಗತೈತಿ, ರಕ್ತನಾಳದ ಗಂಟು, ಅಂಜಬ್ಯಾಡ್ರಿ, ತಾಗಿದ್ರ ಭಾಳ ರಕ್ತ ಬರತೈತಿ, ತೆಗೆದುಬಿಡೂಣು ಅಂದಿದ್ದರು ಡಾಕ್ಟರ್ ಬಾಯಾರು, ಆದರೆ ಮನೆಗೆ ಬರುವಷ್ಟರಲ್ಲಿ ಅತ್ತೆ ಬೇರೆ ಹೆಸರು ಇಟ್ಟಾಗಿತ್ತು, ದೇವಿ ಎದ್ದಾಳ, ಹಾಲು ನಾ ಚೆಲ್ಲಿಲ್ಲ, ಆಕೀನ ಚೆಲ್ಲಿಸ್ಯಾಳ, ಬರಾಕ ದಾರಿ ಬೇಕಿತ್ತಲ್ಲ, ದೇವಿ ಮ್ಯಾಲೆ ಬ್ಲೇಡ್ ಆಡಸ್ತೀ ಏನು — ಯಲ್ಲೇಶ ಅಂದ, ಸ್ವಲ್ಪ ತಡಿ, ಅವ್ವ ಈಗ ಉಣ್ಣಾಕತ್ಯಾಳ, ಖರೇ, ಉಣ್ಣುತ್ತಿದ್ದಳು, ಮೊದಲಿಗಿಂತ ಒಂದು ರೊಟ್ಟಿ ಜಾಸ್ತಿಯೇ, ಕಮರಿಪೇಟೆಯ ಹೆಂಗಸರು ಮೊಸರನ್ನ ತಂದು ನಾಲ್ಕು ವರ್ಷದ ದುರ್ಗಾಳ ಕಾಲಿಗೆ ಬೀಳುವರು, ನನ್ನ ಮಗಗ ಕನ್ಯಾ ಸಿಗತೈತೇನವ್ವಾ ತಾಯಿ, ಬಿಸ್ಕೀಟ್ ಕೊಟ್ರ ಸಿಗತೈತಿ ಅನ್ನುವುದು ಕೂಸು, ಸುಮಲತಾ ಸಹ ನಕ್ಕಿದ್ದಳು, ನಕ್ಕುಬಿಟ್ಟಳಲ್ಲಾ, ಅವತ್ತೇ ಎತ್ತಿಕೊಂಡು ಹೊರಡದೆ ನಕ್ಕಳು — ಇವತ್ತು ಮುಂಜಾನೆ ಅತ್ತೆ ತೋಳಿನ ಮೇಲೆ ಬೇವಿನ ಎಸಳು ಆಡಿಸುವಾಗ ಒಂದು ಗಂಟು ಒಡೆಯಿತು, ರಕ್ತ ಮೊಣಕೈವರೆಗೆ ಇಳಿಯಿತು, ಹುಡುಗಿ ಚೀರುತ್ತಿದ್ದರೆ ಅತ್ತೆ ಬಟ್ಟೆ ಹುಡುಕಲಿಲ್ಲ, ಆ ರಕ್ತಕ್ಕೆ ಬೆರಳು ಅದ್ದಿ ತನ್ನ ಹಣೆಗೆ ಇಟ್ಟುಕೊಂಡಳು, ಗಂಡ ಸತ್ತಾಗಿನಿಂದ ಬರಿದಾಗಿದ್ದ ಹಣೆಗೆ, ಕಣ್ಣು ಮುಚ್ಚಿ, ತಪ್ಪಾತು ತಾಯಿ, ಹೊಟ್ಟ್ಯಾಗ ಹಾಕ್ಕೋ — ಅಂತೂ ತಪ್ಪಾತು ಅಂದಳು, ದೇವಿಗೆ, ಕೂಸಿಗೆ ಇವತ್ತಿನವರೆಗೂ ಅಂದಿಲ್ಲ — ಇಳೀರಿ, ದವಾಖಾನಿ ಬಂತು, ಫೋನು ಮತ್ತೆ ಹೊಡಕೊಳ್ಳುತ್ತಿದೆ, ದುರ್ಗಾ ಕೊರಳಿಗೆ ಮುಖ ಒತ್ತಿ, ಅವ್ವಾ, ಆಯಿ ಹಣಿ ಮ್ಯಾಗ ನಂದು ರಕ್ತ ಐತಿ, ಒರಸ್ಕೊಳ್ಳಾಕ ಹೇಳು, ಹೇಳತೇನಿ ಕೂಸ, ಏನಂತ ಹೇಳುವುದು, ಇಷ್ಟೊತ್ತಿಗೆ ಒಣಗಿರುತ್ತದೆ, ಒಣಗಿ ಕಪ್ಪಾಗಿ, ಆ ಬರಿ ಹಣೆಯ ನಡುವೆ ಆ ಬೊಟ್ಟು, ಆ ಬೊಟ್ಟು