ಹಯಾತಕಾಕಾನ ಕಪ್ಪು

ರೊಟ್ಟಿಯ ಅಂಚಿನಲ್ಲಿ ಒಂದು ಕಪ್ಪು ಕಲೆ, ಹರಡುತ್ತಿದೆ, ತಿರುವಬೇಕು, ನೀಲಾ ತಿರುವಿಹಾಕಿದಳು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಮಗ್ಗುಲಲ್ಲಿದ್ದ ನೋಟ್‌ಬುಕ್ಕಿನ ಒಂದೇ ಸಾಲನ್ನು ಮತ್ತೆ ಓದಿದಳು — ಹಯಾತಕಾಕಾ ಚಿತ್ರಕಥೆಯ ದೊಡ್ಡ ಕಲಾವಿದರಾಗಿದ್ದರು — ಛೇ, ಇದನ್ನು ಯಾರು ಬೇಕಾದರೂ ಬರೆದಾರು, ಸವಣೂರಿನ ಶಾಲೆಯಲ್ಲಿ ಮೂರು ಗಂಟೆಗೆ ನುಡಿನಮನ, ಹುಲಗೂರಿನಿಂದ ಒಂದರ ಬಸ್ಸು ಹಿಡಿಯಬೇಕು, ಇನ್ನೂ ಹತ್ತು ರೊಟ್ಟಿ ಇವೆ, ಬಕೆಟ್ಟಿನಲ್ಲಿ ನೆನೆದ ಬಟ್ಟೆ, ಒಂದು ಪುಟ ಬರಕೊಂಡು ಬರ್ರಿ ಅಂತ ಹೆಡ್‌ಮಾಸ್ತರರು ಹೇಳಿ ಎಂಟು ದಿನವಾಯಿತು, ಬರೆಯಬೇಕಾದ್ದು ಒಂದೇ, ಬರೆಯಲಾಗದ್ದೂ ಅದೇ. ಆ ಕಪ್ಪು. ಕಾಕಾನ ಪಡಸಾಲೆ, ಚಾಪೆ, ಶಾಯಿಯ ವಾಸನೆ, ಒಳಗೆ ಕಾಕಾನ ಹೆಂಡತಿ ಇಮಾಮಬಿ ಕಾಕು ಹುರಿಯುವ ಈರುಳ್ಳಿಯ ವಾಸನೆ, ಮಕ್ಕಳ ಮಾಸಪತ್ರಿಕೆಗೆ ತಿಂಗಳಿಗೆ ಎಂಟು ಪುಟ, ಗೆರೆಯೆಲ್ಲ ಕಾಕಾನದು, ಕಪ್ಪು ಆಗಬೇಕಾದಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಗುಣಾಕಾರದ ಗುರುತು ಹಾಕಿ ಬಿಡುವರು, ಗುರುತಿದ್ದಲ್ಲಿ ಶಾಯಿ ತುಂಬುವುದು ಓಣಿಯ ಮಕ್ಕಳ ಕೆಲಸ, ಗುರುತಿಲ್ಲದ ಕಡೆ ಕುಂಚ ಹೋಗಬಾರ್ದು ನೋಡು ನೀಲವ್ವ, ಹೂಂರಿ ಕಾಕಾ, ಕಳ್ಳನ ಕೂದಲು ತುಂಬಿದಳು, ಎಮ್ಮೆ ತುಂಬಿದಳು, ಎಮ್ಮಿ ತುಂಬಿದಾಕೀನ ಹಾಲೂ ಹಿಂಡಬೇಕವ್ವ ಅಂತ ನಗಿಸುವರು, ಆ ಎಮ್ಮೆಗೆ ಎಷ್ಟು ಭಾರವಿತ್ತು, ಕಾಗದ ಬಾಗೀತು ಅನ್ನುವಷ್ಟು, ಎರಡು ಗೆರೆಯಲ್ಲಿ ಹಸಿದ ಹೊಟ್ಟೆ, ನಾಲ್ಕು ಗೆರೆಯಲ್ಲಿ ಇಡೀ ಸಂತೆ, ಓಣಿಯ ಅಜ್ಜಿ, ಅಕ್ಷರ ಬಾರದ ಹುಚ್ಚವ್ವಾಯಿ ಬೆರಳಿಟ್ಟು ಬೆರಳಿಟ್ಟು ಕಥೆಯನ್ನು ಕೊನೆತನಕ ಹೇಳುತ್ತಿದ್ದಳು, ಓದಾಕ ಬರದವರಿಗೂ ತಿಳೀಬೇಕು, ಅಷ್ಟ ನನ್ನ ಹಟ ಅನ್ನುತ್ತಿದ್ದರು ಕಾಕಾ. ಹಂಚು ಹೊಗೆಯಾಡುತ್ತಿದೆ, ಇನ್ನೊಂದು ರೊಟ್ಟಿ.

ನೀಲಾಗೆ ಒಂಬತ್ತು ವರ್ಷ ಆಗ, ಕಥೆಯೊಂದರಲ್ಲಿ ಒಲೆ ಮುಂದೆ ಕೂತ ಅವ್ವನ ಚಿತ್ರ, ಹಿಂದಿನ ಗೋಡೆಗೆ ಗುರುತಿತ್ತು, ಅವ್ವನ ಮುಖಕ್ಕೆ ಇರಲಿಲ್ಲ, ಕುಂಚ ಗೋಡೆಯಿಂದ ಕೆನ್ನೆಗೆ ಬಂತು, ಕೆನ್ನೆಯಿಂದ ಹಣೆಗೆ, ಕಾಕಾ ಎರಡು ದಿನ ಕೂತು ಎಳೆದ ಕಣ್ಣು ಮುಚ್ಚಿಹೋಯಿತು, ಬದಿಗೆ ಕೂತಿದ್ದ ಗೆಳತಿ ನುಜಹತ ಕಿಟ್ಟನೆ ಕಿರುಚಿದಳು, ಸಂಜೆಯೇ ಟಪಾಲಿಗೆ ಹಾಕಬೇಕಾದ ಪುಟ, ಯಾಕವ್ವಾ ಮಾರಿ ತುಂಬಿದಿ, ಕಾಕಾ ಬೈಯಲಿಲ್ಲ, ನಿಜವಾಗಿಯೂ ಕೇಳಿದರು, ನಮ್ಮವ್ವ ಒಲಿ ಮುಂದ ಕುಂತಾಗ ಹಿಂಗ ಕಾಣ್ತಾಳ್ರಿ ಕಾಕಾ, ಹಿಂದ ಬಾಗಲದ ಬೆಳಕ ಇರತೈತಲ್ರಿ, ಅಷ್ಟೇ ಹೇಳಿದ್ದು, ಅಳು ಬಂದಿತ್ತು. ಕಾಕಾ ಬಹಳ ಹೊತ್ತು ಪುಟ ನೋಡಿದರು, ಆಮೇಲೆ ತೆಳುವಾದ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ, ಉಸಿರು ಹಿಡಿದು, ಆ ಕಪ್ಪಿನ ನಡುವೆ ಒಂದೇ ಒಂದು ಚುಕ್ಕೆ — ಮೂಗುಬೊಟ್ಟು — ಚಿತ್ರದೊಳಗೆ ಅವ್ವ ಬಂದುಬಿಟ್ಟಳು, ಕಣ್ಣಿಲ್ಲ ಬಾಯಿಲ್ಲ, ಆದರೂ ಅವ್ವ. ಮುಂದೆ ಮೂವತ್ತು ವರ್ಷ ಅವರ ಎಲ್ಲ ಕಥೆಗಳ ಅವ್ವಂದಿರೂ ಹಾಗೇ, ಓದುಗರ ಪತ್ರ ಚೀಲಗಟ್ಟಲೆ ಬಂದವು, ಬೇರೆ ಕಲಾವಿದರು ಅದನ್ನೇ ಕಲಿತರು, ಈ ಹೊತ್ತು ಸಭೆಯಲ್ಲಿ ಎಲ್ಲರೂ ಅದನ್ನೇ ಹೊಗಳುವರು, ಅಲ್ಲಿ ಎದ್ದುನಿಂತು ಅದು ನನ್ನ ತಪ್ಪಿನಿಂದ ಹುಟ್ಟಿದ್ದು ಅನ್ನಬೇಕೆ, ಸತ್ತವರ ಹೆಸರಿನಲ್ಲಿ ಪಾಲು ಕೇಳಿದ ಹಾಗಾಗುವುದಿಲ್ಲವೆ, ಸೋಡಾ ಹಚ್ಚಿದ ಅಂಗಿ ಇನ್ನೂ ಉಜ್ಜಿಲ್ಲ, ಬರೆಯುವುದು ಬೇಡ, ಎಮ್ಮೆಯ ವಿಷಯ ಬರೆದರೆ ಸಾಕು. ಆದರೆ ನಿನ್ನೆ ಫೋನಿನಲ್ಲಿ ಇಮಾಮಬಿ ಕಾಕು, ಅದನ್ನ ಬರಿಯೂದ ಯಾಕ ಬಿಡ್ತಿಯವ್ವಾ, ಬಂದವರಿಗೆಲ್ಲಾ ಅವರು ಹೇಳ್ತಿದ್ರು, ಇದು ನನ್ನದಲ್ಲ, ನಮ್ಮ ಓಣಿ ನೀಲಾಂದು ಅಂತ, ಯಾರ ನಂಬತಾರ, ದೊಡ್ಡವರು ಹಿಂಗ ಹೇಳೂದು ಅಂತ ನಕ್ಕು ಚಾ ಕುಡದು ಹೋಗ್ತಿದ್ರು, ಕಡೀಕ ಹೇಳೂದ ಬಿಟ್ರು, ನೀ ಸುಮ್ಮನಾದ್ರ ಅವರ ಮಾತು ಸುಳ್ಳಾಗಿ ಉಳೀತೈತಿ ನೋಡು. ಸುಳ್ಳಾಗಿ. ಕಾಕಾ ಒಂದು ಸುಳ್ಳು ಗೆರೆ ಎಳೆದವರಲ್ಲ.

ಅವ್ವಾ, ಈಕಡೆ ನೋಡು, ಸಭಾದವರು ನಿನ್ನ ಫೋಟೋ ಕೇಳ್ಯಾರ, ಮಗಳು ಮಲ್ಲಿಕಾ ಮೊಬೈಲು ಹಿಡಿದು ನಿಂತಿದ್ದಾಳೆ, ಕ್ಲಿಕ್, ಅಯ್ಯ, ಮಾರಿನ ಕಾಣವಲ್ದು, ಹಿತ್ತಲ ಬಾಗಲಾ ತಗದಿ ನೋಡು, ಬರೇ ಕಪ್ಪು ಬಂದೈತಿ, ಎದ್ದು ಹೊರಗ ಬಾ, ತಾ ಇಲ್ಲಿ, ನೀಲಾ ಹಿಟ್ಟಿನ ಬೆರಳಿನಿಂದಲೇ ಮೊಬೈಲು ತೆಗೆದುಕೊಂಡಳು, ಇರಲಿ ಬಿಡು ಮಲ್ಲಿ, ಇದನ್ನ ಕಳಸು, ಹುಚ್ಚೇನವ್ವಾ ನಿನಗ, ಇದನ್ನ ಕಳಸು ಅಂದೆ, ಹೋಗಿ ಬಟ್ಟಿ ಹಿಂಡು, ನಾ ಬರ್ತೇನಿ, ನೋಟ್‌ಬುಕ್ಕಿನ ಆ ಒಂದು ಸಾಲು ಹೊಡೆದು ಹಾಕಿದಳು, ಪೆನ್ನು ಓಡಿತು, ಒಂಬತ್ತು ವರ್ಷದವಳಿದ್ದಾಗ ನಾನು ಹಯಾತಕಾಕಾ ಬರೆದ ಒಂದು ಮುಖ ಕೆಡಿಸಿದೆ, ಅವರು ಅದನ್ನು ಕೆಟ್ಟಿತು ಅನ್ನಲಿಲ್ಲ, ಯಾಕೆ ಅಂತ ಕೇಳಿದರು, ಕೇಳಿ ಆಮೇಲೆ ಕುಂಚ ಎತ್ತಿಕೊಂಡರು — ಪೆನ್ನು ನಿಂತಿತು, ಮೊಬೈಲು ಇನ್ನೂ ಹೊಳೆಯುತ್ತಿದೆ, ಹಿಂದೆ ಬಾಗಿಲು, ಮುಂದೆ ಕಪ್ಪು, ಕಪ್ಪಿನ ನಡುವೆ ಹಿಟ್ಟಿನ ಬಿಳಿಯ ಒಂದು ಚುಕ್ಕೆ, ಒಂದೇ.